ಏರಿ ಕೆಳಗೆ ಕೆರೆ ಬಂದಿದ್ದು ಹೇಗೆ: ಜಾರಿದ ಒಂದು ನಕ್ಷೆಯ ಪ್ರಕರಣ

ಕೋಲಾರ ಜಿಲ್ಲೆಯ ಒಂದು ಹಳ್ಳಿ, 2019ರ ಡಿಸೆಂಬರ್. ಶಾಲೆಯ ಜಗುಲಿ ಮೇಲೆ ನಾನು ಮಾಡಿದ ನಕ್ಷೆ ಹರಡಿತ್ತು. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದರು. ನೀಲಿ ಗೆರೆ ಕೆರೆಯ ಹಳೆಯ ಗಡಿ. ಅದರೊಳಗೆ ತಿಳಿ ನೀಲಿ ಬಣ್ಣ ಈಗ ನೀರಿರುವ ಜಾಗ, ಕೆಂಪು ಬಣ್ಣ ಬೆಳೆ ಇರುವ ಜಾಗ. ಕೆರೆಯೊಳಗೆ ಬೆಳೆ ಇದ್ದರೆ ಅದು ಒತ್ತುವರಿ. ಊರಿನ ನೀರುಗಂಟಿ ತಾತ, ಅಂದರೆ ಹಿಂದೆ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುತ್ತಿದ್ದವರು, ಹಾಳೆಯನ್ನು ಬಗ್ಗಿ ನೋಡಿದರು, ಈ ಕಡೆಯಿಂದ ಆ ಕಡೆಗೆ ಹೋಗಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಸಾರ್, ಏರಿ ಕೆಳಗೆ ಯಾವೂರಲ್ಲಾದ್ರೂ ಕೆರೆ ಇರ್ತದಾ?"

ನನಗೆ ಆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಒಂದು ಇಡೀ ತಾಲ್ಲೂಕಿನ ಕೆರೆಗಳ ನಕ್ಷೆ ಮಾಡಿ ಮುಗಿಸಿದ್ದವನಿಗೆ ಏರಿಯ ಮೇಲಿದ್ದದ್ದು ಯಾವುದು, ಕೆಳಗಿದ್ದದ್ದು ಯಾವುದು ಅಂತ ಗೊತ್ತಿರಲಿಲ್ಲ. ಈ ಬರಹ ಆ ಕೆಲಸದ ಬಗ್ಗೆ. ಎಲ್ಲಿ ತಪ್ಪಿತು, ಹೇಗೆ ಸಿಕ್ಕಿತು, ಆಮೇಲೆ ಏನು ಮಾಡಿದೆವು ಅಂತ ಪೂರ್ತಿ ಬರೆಯುತ್ತಿದ್ದೇನೆ. ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗುತ್ತಿದ್ದಾರೆ. ಬಹಳಷ್ಟು ಜನ ನಾನು ಬಂದ ದಾರಿಯಲ್ಲೇ ಬರುತ್ತಿದ್ದಾರೆ.

ಆ ದಾರಿ ಯಾವುದು ಅಂದರೆ, ಚಿತ್ರ ಸಂಸ್ಕರಣೆ. ಅಂದರೆ ಇಮೇಜ್ ಪ್ರೊಸೆಸಿಂಗ್. ಪೀಣ್ಯದ ಕಾರ್ಖಾನೆಗಳಿಗೆ ಕ್ಯಾಮೆರಾ ಇಟ್ಟು ತಪಾಸಣೆ ಮಾಡುವ ಸಾಫ್ಟ್‌ವೇರ್ ಬರೆಯುತ್ತಾ ಎಂಟು ವರ್ಷ ಕಳೆದಿದ್ದೆ. ಬೆಲ್ಟಿನ ಮೇಲೆ ಮಾತ್ರೆಯ ಪಟ್ಟಿ ಬರುತ್ತೆ, ಮೇಲಿಂದ ಕ್ಯಾಮೆರಾ ಫೋಟೋ ತೆಗೆಯುತ್ತೆ, ಒಂದು ಗುಳಿ ಖಾಲಿ ಇದ್ದರೆ ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳಬೇಕು. ಬೆಳಕು ಏರುಪೇರಾದರೆ ಏನು ಮಾಡಬೇಕು, ಅಂಚು ಹೇಗೆ ಹುಡುಕಬೇಕು, ಚುಕ್ಕೆ ಚುಕ್ಕೆ ಗದ್ದಲವನ್ನು ಹೇಗೆ ತೆಗೆಯಬೇಕು, ಇದೆಲ್ಲ ಕೈಗೆ ಚೆನ್ನಾಗಿ ಹತ್ತಿತ್ತು. ಅಲ್ಲಿ ಒಂದು ಪಿಕ್ಸೆಲ್‌ನ ವಿಳಾಸ ಅಂದರೆ ಎಷ್ಟನೇ ಸಾಲು, ಎಷ್ಟನೇ ಕಂಬ, ಅಷ್ಟೇ. ಕ್ಯಾಮೆರಾವನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಆ ಪಿಕ್ಸೆಲ್ ಭೂಮಿಯ ಮೇಲೆ ಎಲ್ಲಿದೆ ಅಂತ ಎಂಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

2018ರಲ್ಲಿ ಕೆಲಸ ಬದಲಾಯಿಸಿದೆ. ಉಪಗ್ರಹ ಚಿತ್ರಗಳ ಮೇಲೆ ನನಗೆ ಮೊದಲಿನಿಂದ ಆಸೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಲ್ಲಿ ಎಲ್ಲರಿಗೂ ಪುಕ್ಕಟೆ ಆಗಿದ್ದವು. ಯುರೋಪಿನ ಸೆಂಟಿನೆಲ್-2 ಜೋಡಿಯ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದ ಮೇಲೆ ಐದು ದಿನಕ್ಕೊಂದು ಸಲ ನಮ್ಮೂರಿನ ಚಿತ್ರ ಸಿಗತೊಡಗಿತು. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಅಗಲ, 10 ಮೀಟರ್ ಉದ್ದ. ಮನೆಯಲ್ಲಿ ಕೂತು ಕೋಲಾರದ ಕೆರೆಗಳಲ್ಲಿ ನೀರು ಏರುವುದನ್ನು, ಇಳಿಯುವುದನ್ನು ನೋಡಬಹುದು ಅನ್ನೋದೇ ನನಗೆ ದೊಡ್ಡ ಸಂಗತಿಯಾಗಿತ್ತು.

ಸೇರಿದ ಕಂಪನಿ ಚಿಕ್ಕದು. ಅದಕ್ಕೆ ಕೆರೆಗಳ ಪುನಶ್ಚೇತನ ಮಾಡುವ ಒಂದು ಸಂಸ್ಥೆಯಿಂದ ಕೆಲಸ ಬಂತು. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಅಲ್ಲಿ ಬದುಕು ನಿಂತಿರುವುದೇ ಕೆರೆ ಮೇಲೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ, ಅಂದರೆ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳಿಂದ, ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರತೊಡಗಿತ್ತು. ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ಕಂಡಿತು. ನೀರು ಬಂದ ಕೂಡಲೇ ಕೆರೆಯಂಗಳದಲ್ಲಿ ಯಾರ್ಯಾರು ಉಳುತ್ತಿದ್ದಾರೆ ಅನ್ನೋ ಮಾತೂ ಎದ್ದಿತು. ಹೀಗಾಗಿ ಸಂಸ್ಥೆಗೆ ಮೂರು ವಿಷಯ ಬೇಕಿತ್ತು. ಹಿಂದೆ ಕೆರೆ ಎಷ್ಟು ದೊಡ್ಡದಿತ್ತು, ಈಗ ತಿಂಗಳು ತಿಂಗಳಿಗೆ ನೀರು ಎಷ್ಟು ದೂರ ಹರಡುತ್ತೆ, ಹಳೆಯ ಗಡಿಯೊಳಗೆ ಸಾಗುವಳಿ ಎಷ್ಟಾಗಿದೆ.

ಹಿಂದಿನ ಹರವಿಗೆ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್, ಅಂದರೆ ಊರು, ರಸ್ತೆ, ಕೆರೆ, ಗುಡ್ಡ ಎಲ್ಲ ತೋರಿಸುವ ನಕ್ಷೆಯ ಹಾಳೆ, ತೆಗೆದುಕೊಂಡೆವು. 1970ರ ದಶಕದ ಸರ್ವೆ, 1:50,000 ಅಳತೆ. ಅದನ್ನು ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಇಂಥ ಒಂದು ಶೀಟು 15 ನಿಮಿಷ ಅಕ್ಷಾಂಶ, 15 ನಿಮಿಷ ರೇಖಾಂಶದಷ್ಟು ಜಾಗವನ್ನು ಮುಚ್ಚುತ್ತೆ, ನಾಲ್ಕು ಮೂಲೆಯಲ್ಲೂ ಅಂಕಿ ಅಚ್ಚಾಗಿರುತ್ತೆ. ನಾಲ್ಕು ಮೂಲೆಯ ಮೇಲೆ ಕ್ಲಿಕ್ ಮಾಡಿದೆ, ಅಂಕಿ ತುಂಬಿದೆ. ಇದು ಯಾವ ನಿರ್ದೇಶಾಂಕ ಪದ್ಧತಿ, ಅಂದರೆ ಜಾಗದ ವಿಳಾಸವನ್ನು ಅಂಕಿಯಲ್ಲಿ ಹೇಳುವ ಯಾವ ಕ್ರಮ, ಅಂತ ಸಾಫ್ಟ್‌ವೇರ್ ಕೇಳಿತು. ಡಬ್ಲ್ಯೂಜಿಎಸ್ 84 ಅಂತ ಆರಿಸಿದೆ. ಜಿಪಿಎಸ್ ಬಳಸುವುದು ಅದನ್ನೇ, ಉಪಗ್ರಹ ಚಿತ್ರವೂ ಅದರಲ್ಲೇ ಬರುತ್ತೆ. ಅಕ್ಷಾಂಶ ಅಂದ್ರೆ ಅಕ್ಷಾಂಶ, ಇನ್ನೇನಿರುತ್ತೆ ಅಂದುಕೊಂಡೆ. ಆ ಒಂದು ಆಯ್ಕೆಗೆ ನಾನು ಕೊಟ್ಟ ಸಮಯ ಎರಡು ಸೆಕೆಂಡ್ ಇರಬಹುದು.

ಮುಂದಿನದಕ್ಕೆ ಮಾತ್ರ ವಾರಗಟ್ಟಲೆ ಸಮಯ ಕೊಟ್ಟೆ. ನೀರು ಹಸಿರು ಬೆಳಕನ್ನು ಸ್ವಲ್ಪ ವಾಪಸ್ ಕಳಿಸುತ್ತೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ನುಂಗುತ್ತೆ. ಗಿಡ ಅದಕ್ಕೆ ಉಲ್ಟಾ, ಅವಕೆಂಪನ್ನು ಜೋರಾಗಿ ವಾಪಸ್ ಎಸೆಯುತ್ತೆ. ಹಸಿರಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ಸಿಗುತ್ತೆ. ಮ್ಯಾಕ್‌ಫೀಟರ್ಸ್ ಅನ್ನುವವರು 1996ರಲ್ಲಿ ಕೊಟ್ಟ ಸೂತ್ರ ಇದು, ಎನ್‌ಡಿಡಬ್ಲ್ಯೂಐ ಅಂತ ಎಲ್ಲರೂ ಬಳಸುತ್ತಾರೆ. ಇಲ್ಲಿ ನನ್ನ ಹಳೆಯ ಕೈಚಳಕವೆಲ್ಲ ಕೆಲಸಕ್ಕೆ ಬಂತು. ಮೋಡದ ನೆರಳನ್ನು ನೀರು ಅಂತ ಎಣಿಸದ ಹಾಗೆ ಮಾಡಿದೆ, ಬಿಡಿ ಪಿಕ್ಸೆಲ್‌ಗಳನ್ನು ತೆಗೆದೆ, ಅಂಚುಗಳನ್ನು ನಯ ಮಾಡಿದೆ. ಬೆಳೆಯನ್ನೂ ಇದೇ ಥರ ಬೇರೆ ಮಾಡಿದೆ. ಸಾಗುವಳಿ ಆದ ಜಾಗ ಯಾವ ಸರ್ವೆ ನಂಬರಿಗೆ ಬರುತ್ತೆ ಅಂತ ಗ್ರಾಮ ನಕ್ಷೆಯಿಂದ ಹುಡುಕಿ ಪಟ್ಟಿ ತಯಾರಿಸುವ ಕೋಡನ್ನೂ ಬರೆದೆ. ಒಂದು ರಾತ್ರಿ ಓಡಿಸಿದರೆ ಬೆಳಗ್ಗೆ ಇಡೀ ತಾಲ್ಲೂಕಿನ ಪಟ್ಟಿ ಸಿದ್ಧ. ಎಲ್ಲೂ ಎರರ್ ಬರಲಿಲ್ಲ.

ಸುಳಿವು ಇರಲಿಲ್ಲ ಅಂತ ಹೇಳಲಾರೆ. ತುಂಬಾ ಕೆರೆಗಳಲ್ಲಿ ನೀರು ಹಳೆಯ ಗಡಿಯ ಒಂದು ಮೂಲೆಗೆ ಸರಿದು, ವಾಯವ್ಯದ ಕಡೆ ಗೆರೆ ದಾಟಿ ಹೊರಗೆ ಹೋಗಿತ್ತು. ಆಗ್ನೇಯದ ಕಡೆ ಗೆರೆಯೊಳಗೆ ಅಚ್ಚ ಹಸಿರು ಬೆಳೆ. ಹೂಳು ತುಂಬಿ ನೀರು ಪಕ್ಕಕ್ಕೆ ಸರಿದಿರಬೇಕು, ಬಿಟ್ಟ ಜಾಗದಲ್ಲಿ ಉಳುತ್ತಿದ್ದಾರೆ ಅಂತ ನಾನೇ ಒಂದು ವಿವರಣೆ ಕಟ್ಟಿಕೊಂಡೆ. ಕೆರೆಯಿಂದ ಕೆರೆಗೆ ಅದೇ ದಿಕ್ಕಿಗೆ ಹೇಗೆ ಸರಿಯುತ್ತೆ ಅಂತ ಕೇಳಿಕೊಳ್ಳಲಿಲ್ಲ. ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತೆ. ಗ್ರಾಮ ನಕ್ಷೆಯಲ್ಲಿ ಕೆರೆಗೇ ಒಂದು ಸರ್ವೆ ನಂಬರ್ ಇರುತ್ತೆ, ಅದರ ಗಡಿ ಇರುತ್ತೆ. ಎಲ್ಲ ಹಳ್ಳಿಗಳದ್ದೂ ನಮಗೆ ಸಿಕ್ಕಿರಲಿಲ್ಲ, ಅದಕ್ಕೇ ಟೋಪೋಶೀಟ್ ಹಿಡಿದಿದ್ದು. ಆದರೆ ಸಿಕ್ಕ ಹಳ್ಳಿಗಳ ನಕ್ಷೆಯನ್ನು ನನ್ನ ಸಹೋದ್ಯೋಗಿ ಉಪಗ್ರಹ ಚಿತ್ರದ ಮೇಲೆ ರಸ್ತೆ, ಬದು ನೋಡಿ ಕೂರಿಸಿ ಕೊಟ್ಟಿದ್ದರು. ಬರೀ ನಂಬರ್ ಹುಡುಕೋದಕ್ಕೆ ಅದನ್ನು ಬಳಸಿದೆ. ಆ ಗಡಿಯ ಮೇಲೆ ನನ್ನ ನೀಲಿ ಗೆರೆಯನ್ನು ಒಂದೇ ಒಂದು ಸಲ ಇಟ್ಟು ನೋಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಈಗ ಮತ್ತೆ ಆ ಜಗುಲಿಗೆ ಬರೋಣ.

ಕೆರೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕಂದ್ರೆ ತಾತನ ಪ್ರಶ್ನೆ ಇರುವುದೇ ಇದರಲ್ಲಿ. ನಮ್ಮ ಕಡೆಯ ಕೆರೆ ಗುಂಡಿ ತೋಡಿ ಮಾಡಿದ್ದಲ್ಲ. ಇಳಿಜಾರಿಗೆ ಅಡ್ಡ ಮಣ್ಣಿನ ಏರಿ ಕಟ್ಟುತ್ತಾರೆ. ನೀರು ಏರಿಗೆ ಒರಗಿ ನಿಲ್ಲುತ್ತೆ, ಆಳ ಇರುವುದು ಏರಿಯ ಬುಡದಲ್ಲೇ. ಏರಿಯಲ್ಲಿ ತೂಬು ಇರುತ್ತೆ, ತೂಬಿನಿಂದ ಬಿಟ್ಟ ನೀರು ಏರಿ ಕೆಳಗಿನ ಗದ್ದೆಗಳಿಗೆ ಹೋಗುತ್ತೆ. ಅದು ಅಚ್ಚುಕಟ್ಟು. ಕೆರೆ ತುಂಬಿದರೆ ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಮುಂದಿನ ಕೆರೆಗೆ ಹೋಗುತ್ತೆ. ಹಾಗಾಗಿ ಏರಿ ಕೆಳಗೆ ಹಸಿರಾಗಿದೆ ಅಂದರೆ ಕೆರೆ ಆರೋಗ್ಯವಾಗಿದೆ ಅಂತ ಅರ್ಥ. ನನ್ನ ನಕ್ಷೆ ಅದೇ ಹಸಿರಿಗೆ ಕೆಂಪು ಬಳಿದು ಒತ್ತುವರಿ ಅಂದಿತ್ತು. ಈ ಕೆರೆಯ ಏರಿ ಇದ್ದದ್ದು ಆಗ್ನೇಯದಲ್ಲಿ. ನೀಲಿ ಗೆರೆ ಏರಿಯನ್ನು ದಾಟಿ, ಅಚ್ಚುಕಟ್ಟಿನೊಳಗೆ ಹೋಗಿ ಕೂತಿತ್ತು.

ಒಂಬತ್ತು ಸರ್ವೆ ನಂಬರ್ ಪಟ್ಟಿಯಲ್ಲಿದ್ದವು. ಪಟ್ಟಿ ಇನ್ನೂ ಕರಡು, ಯಾವ ಕಚೇರಿಗೂ ಹೋಗಿರಲಿಲ್ಲ. ಆದರೆ ಎರಡು ದಿನ ಮೊದಲೇ ಊರಲ್ಲಿ ಅದನ್ನು ಓದಿ ಹೇಳಿದ್ದರು. ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಅಮ್ಮ, ತಾತ ಮಾತು ಮುಗಿಸಿದ ಮೇಲೆ ಮುಂದೆ ಬಂದರು. "ಎರಡು ರಾತ್ರಿಯಿಂದ ನಿದ್ದೆ ಇಲ್ಲಪ್ಪ. ನಮ್ಮ ಮಾವನ ಕಾಲದಿಂದ ತೂಬಿನ ನೀರು ಕುಡಿದಿರೋ ಗದ್ದೆ ಅದು. ಕೆರೆ ಜಾಗ ಅಂತ ಹೆಂಗೆ ಬರೆದ್ರಿ?" ಅಂದರು. ದನಿ ಏರಿಸಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಹಣಿ ಹಿಡಿದುಕೊಂಡಿದ್ದರು.

ನಾನು ಪರಿಶೀಲಿಸಿ ಹೇಳುತ್ತೇನೆ ಅಂದೆ. ತಾತನ ಜೊತೆ ಏರಿ ಹತ್ತಿದೆ.

ಫೋನಿನಲ್ಲಿ ನಕ್ಷೆ ತೆರೆದೆ. ಏರಿಯ ಮೇಲೆ ನಿಂತಿದ್ದೇನೆ, ಎಡಕ್ಕೆ ನೀರು, ಬಲಕ್ಕೆ ಗದ್ದೆ. ಫೋನಿನ ನೀಲಿ ಚುಕ್ಕೆ ನನ್ನನ್ನು ಕೆರೆಯ ಒಳಗೆ ತೋರಿಸುತ್ತಿತ್ತು, ಗಡಿಯಿಂದ ಎಷ್ಟೋ ಒಳಗೆ. ಬಯಲಲ್ಲಿ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪಬಹುದು, ಇಷ್ಟು ತಪ್ಪಲ್ಲ. ಏರಿಯ ಈ ತುದಿಯಿಂದ ಆ ತುದಿಗೆ ನಡೆದೆವು. ಎರಡೂ ತುದಿ, ತೂಬಿನ ಕಲ್ಲು, ಕೋಡಿ, ಏರಿ ಕೊನೆಯ ಗಂಗಮ್ಮನ ಗುಡಿ, ಒಟ್ಟು ಐದು ಕಡೆ ನಿಂತು ಗುರುತು ಹಾಕಿಕೊಂಡೆ. ಇವೆಲ್ಲ ಟೋಪೋಶೀಟಿನಲ್ಲೂ ಇದ್ದವು. ತೂಬಿನ ಹತ್ತಿರ ಬಂದಾಗ ತಾತ ಎರಡು ಕಲ್ಲು ಕಂಬದ ನಡುವೆ ಕೈ ಇಟ್ಟು, ಹಿಂದೆ ನೀರು ಬಿಡುವಾಗ ಎಷ್ಟು ಗೇಣು ಎತ್ತುತ್ತಿದ್ದೆ ಅಂತ ತೋರಿಸಿದರು. ಆ ಕಂಬಗಳು ನುಣ್ಣಗೆ ಸವೆದಿದ್ದವು.

ಸಂಜೆ ಕೋಲಾರದ ಲಾಡ್ಜಿನಲ್ಲಿ ಕೂತು ಐದೂ ಗುರುತನ್ನು ಶೀಟಿನ ಜಾಗದ ಜೊತೆ ಹೋಲಿಸಿದೆ. ಐದಕ್ಕೂ ಒಂದೇ ಉತ್ತರ. ನಿಜವಾದ ಜಾಗ ನನ್ನ ನಕ್ಷೆಗಿಂತ ಸುಮಾರು 150 ಮೀಟರ್ ಉತ್ತರಕ್ಕೆ, 130 ಮೀಟರ್ ಪಶ್ಚಿಮಕ್ಕೆ ಇತ್ತು. ಒಟ್ಟಿಗೆ ಹಿಡಿದರೆ 200 ಮೀಟರ್. ಕಾರ್ಖಾನೆಯಲ್ಲಿ ಕಲಿತದ್ದು ಇಲ್ಲಿ ನೆರವಿಗೆ ಬಂತು. ತಪ್ಪು ಚೆಲ್ಲಾಪಿಲ್ಲಿಯಾಗಿದ್ದರೆ ಅದು ಅಳತೆಯ ಗದ್ದಲ, ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿದ್ದರೆ ಬುಡದಲ್ಲೇ ಏನೋ ಸರಿದಿದೆ ಅಂತ ಅರ್ಥ. ಆದರೆ ಏನು ಸರಿದಿದೆ ಅಂತ ಹೊಳೆಯಲಿಲ್ಲ. ಸ್ನೇಹಿತನ ದೊಡ್ಡಪ್ಪ ಸರ್ವೆ ಕೆಲಸದಿಂದ ನಿವೃತ್ತರು, ಅವರಿಗೆ ಫೋನ್ ಮಾಡಿದೆ. ನಾನು ಐದು ನಿಮಿಷ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ: "ಶೀಟು ಹಳೇದಾ, ಹೊಸದಾ?" ಹಳೇದು ಸಾರ್ ಅಂದೆ. "ಹಂಗಾದ್ರೆ ಅದು ಎವರೆಸ್ಟ್ ಕಣಪ್ಪ. ನೀನು ಜಿಪಿಎಸ್‌ದು ಅಂತ ತಿಳ್ಕೊಂಡಿದೀಯ."

ಇದನ್ನು ಬಿಡಿಸಿ ಹೇಳಬೇಕು.

ಒಂದು ಹೊಲದಲ್ಲಿ ಬಾವಿ ಎಲ್ಲಿದೆ ಅಂತ ಕೇಳಿದರೆ "ಬಾಂದು ಕಲ್ಲಿನಿಂದ ಪೂರ್ವಕ್ಕೆ ಇಪ್ಪತ್ತು ಹೆಜ್ಜೆ" ಅಂತಾರೆ ಅಂದುಕೊಳ್ಳಿ. ಯಾವ ಬಾಂದು ಕಲ್ಲು ಅಂತ ಗೊತ್ತಿಲ್ಲದೆ ಆ ಇಪ್ಪತ್ತಕ್ಕೆ ಅರ್ಥ ಇಲ್ಲ. ಅಕ್ಷಾಂಶ ರೇಖಾಂಶವೂ ಹಾಗೇ. ಭೂಮಿ ಪೂರ್ತಿ ಗುಂಡಗಿಲ್ಲ, ಅದಕ್ಕೊಂದು ಚಪ್ಪಟೆ ಗೋಳದ ಆಕಾರವನ್ನು ಲೆಕ್ಕಕ್ಕೆ ಹಿಡಿಯಬೇಕು, ಆ ಗೋಳದ ನಡುವನ್ನು ಎಲ್ಲಿ ಇಡಬೇಕು ಅಂತಲೂ ಮೊದಲೇ ಒಪ್ಪಿಕೊಳ್ಳಬೇಕು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಹತ್ತಿರವೇ ಸರಪಳಿ ಹಿಡಿದು ಆಧಾರ ರೇಖೆ ಅಳೆದಿದ್ದ. 1802ರಲ್ಲಿ ಮದರಾಸಿನಿಂದ ತ್ರಿಕೋನಮಿತಿ ಸರ್ವೆ ದೊಡ್ಡದಾಗಿ ಶುರುವಾಯಿತು. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿದ. ಆ ಅಳತೆಗಳಿಂದ ಬಂದದ್ದು 1830ರ ಎವರೆಸ್ಟ್ ಗೋಳ. ಅದನ್ನು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ನೆಲೆ ಮಾಡಿ, ನಮ್ಮ ಉಪಖಂಡಕ್ಕೆ ಚೆನ್ನಾಗಿ ಹೊಂದುವ ಹಾಗೆ ಕೂರಿಸಿದರು. ಉಪಗ್ರಹ ಇಲ್ಲದ ಕಾಲದಲ್ಲಿ, ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ಹಿಡಿದು ಮಾಡಿದ ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದರ ತ್ರಿಜ್ಯ ಈಗಿನ ಲೆಕ್ಕಕ್ಕಿಂತ ಸುಮಾರು 860 ಮೀಟರ್ ಚಿಕ್ಕದು, ಅದರ ನಡು ಭೂಮಿಯ ನಿಜವಾದ ನಡುವಿನಿಂದ 800 ಮೀಟರ್‌ಗೂ ಆಚೆ ಇದೆ. ಆಕಾರ ಬೇರೆ, ನಡು ಬೇರೆ. ಈ ಎರಡೂ ಸೇರಿ ಕೋಲಾರದ ಹತ್ತಿರ 200 ಮೀಟರ್ ವ್ಯತ್ಯಾಸವಾಗಿ ಕಾಣುತ್ತೆ. ಶೀಟಿನ ಮೇಲಿನ 13 ಡಿಗ್ರಿಯೂ ಸರಿ, ಫೋನಿನ 13 ಡಿಗ್ರಿಯೂ ಸರಿ, ಎರಡೂ ಬೇರೆ ಬೇರೆ ಕಲ್ಲಿನಿಂದ ಎಣಿಸಿದ್ದು.

2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಸಾರ್ವಜನಿಕರಿಗೆ ಕೊಡುವ ಹೊಸ ಸರಣಿಯ ಶೀಟುಗಳು ಡಬ್ಲ್ಯೂಜಿಎಸ್ 84ಕ್ಕೆ ಬದಲಾದವು. ಹಳೆಯದೂ ಹೊಸದೂ ಒಂದೇ ಕಡತದಲ್ಲಿ ಬೆರೆತು ಬಂದರೆ ಹೊಸಬರಿಗೆ ಗೊತ್ತಾಗೋದು ಕಷ್ಟ. ನನಗೆ ಗೊತ್ತಾಗಲಿಲ್ಲ.

ಸರಿ, ಕಾರಣ ಸಿಕ್ಕಿತಲ್ಲ ಅಂತ ಅದೇ ರಾತ್ರಿ ಸಾಫ್ಟ್‌ವೇರಿನಲ್ಲಿ ಎವರೆಸ್ಟ್ 1830 ಅಂತ ಆರಿಸಿ ಮತ್ತೆ ಓಡಿಸಿದೆ. ನಕ್ಷೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಆ ಗೆರೆ ಅಲ್ಲೇ, ಗದ್ದೆ ಮೇಲೆ. ಇನ್ನೆರಡು ಸಲ ಓಡಿಸಿದೆ. ಮತ್ತೆ ಅಷ್ಟೇ.

ಮಾರನೆ ದಿನ ಬೆಳಗ್ಗೆ ಅರ್ಥ ಆಯ್ತು. ನಕ್ಷೆಯ ಕೆಲಸದ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಒಳಗೆ ಬಳಸುವುದು ಎರಡು ಗ್ರಂಥಾಲಯಗಳನ್ನು, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹಗಳನ್ನು. ಒಂದು ಪ್ರೋಜ್, ಅಮೆರಿಕದ ಭೂಗರ್ಭ ಸರ್ವೆಯಲ್ಲಿದ್ದ ಜೆರಾಲ್ಡ್ ಎವೆಂಡೆನ್ ಶುರು ಮಾಡಿದ್ದು, ನಿರ್ದೇಶಾಂಕ ಬದಲಾಯಿಸುವ ಕೆಲಸ ಅದರದ್ದು. ಇನ್ನೊಂದು ಜಿಡಾಲ್, ಕೆನಡಾದ ಫ್ರಾಂಕ್ ವಾರ್ಮರ್ಡ್ಯಾಮ್ 1998ರಲ್ಲಿ ಶುರು ಮಾಡಿದ್ದು, ಎಲ್ಲ ಥರದ ಚಿತ್ರ ಕಡತಗಳನ್ನು ಓದುವ, ಬರೆಯುವ ಕೆಲಸ ಅದರದ್ದು. ನನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ಆವೃತ್ತಿಗೆ ನಾನು ಗೋಳದ ಆಕಾರ ಮಾತ್ರ ಹೇಳಿದ್ದೆ, ನಡು ಎಷ್ಟು ಸರಿದಿದೆ ಅಂತ ಹೇಳಿರಲಿಲ್ಲ. ಹೇಳದಿದ್ದರೆ ಅದು ಕೇಳುತ್ತಲೂ ಇರಲಿಲ್ಲ. ನಡು ಸರಿದೇ ಇಲ್ಲ ಅಂತ ಹಿಡಿದು, ಅಂಕಿಗಳನ್ನು ಹಾಗೇ ದಾಟಿಸಿಬಿಡುತ್ತಿತ್ತು. ದೊಡ್ಡಪ್ಪನವರಿಗೆ ಮತ್ತೆ ಫೋನ್ ಮಾಡಿದೆ. ಮೂರು ಅಂಕಿ ಬರೆಸಿದರು: 295, 736, 257. ಎಕ್ಸ್, ವೈ, ಝಡ್ ದಿಕ್ಕಿನಲ್ಲಿ ಇಷ್ಟಿಷ್ಟು ಮೀಟರ್. ಭಾರತಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಅಂಕಿಗಳು ಅವು. ಹಾಕಿ ಓಡಿಸಿದೆ. ನೀಲಿ ಗೆರೆ ಗದ್ದೆ ಬಿಟ್ಟು, ಏರಿ ದಾಟಿ, ನೀರಿನ ಸುತ್ತ ಬಂದು ನಿಂತಿತು. ಅದನ್ನು ನೋಡಿದಾಗ ಆದದ್ದು ಸಮಾಧಾನ ಅಲ್ಲ, ಭಯ. ಈ ಊರಲ್ಲಿ ತಾತ ಇದ್ದರು. ಉಳಿದ ಊರುಗಳಲ್ಲಿ ಯಾರೂ ಕೇಳದೇ ಹೋಗಿದ್ದರೆ?

ಇಲ್ಲಿಗೆ ಪ್ರಕರಣ ಮುಗಿಯಲಿಲ್ಲ. ಸರಿಪಡಿಸಿದ ಮೇಲೂ ಗೆರೆ ಮತ್ತು ನೆಲದ ನಡುವೆ 20ರಿಂದ 30 ಮೀಟರ್ ವ್ಯತ್ಯಾಸ ಉಳಿಯಿತು. ಅದನ್ನು ಸೊನ್ನೆ ಮಾಡಲು ಒಂದು ವಾರ ಒದ್ದಾಡಿದೆ, ಆಮೇಲೆ ಆಗುವುದಿಲ್ಲ ಅಂತ ತಿಳಿಯಿತು. 1:50,000 ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಪೆನ್ನಿನ ಗೆರೆಯೇ ಮೂರನೇ ಒಂದು ಮಿಲಿಮೀಟರ್ ದಪ್ಪ ಇದ್ದರೆ ಅಲ್ಲೇ ಸುಮಾರು 17 ಮೀಟರ್ ಹೋಯಿತು. ಕಾಗದ ಸೆಳೆದಿರುತ್ತೆ, ಸ್ಕ್ಯಾನರ್ ಎಳೆದಿರುತ್ತೆ. ಅಂದರೆ ಟೋಪೋಶೀಟಿನಿಂದ "ಇವರು ಎರಡು ಗುಂಟೆ ಒಳಗೆ ಬಂದಿದ್ದಾರೆ" ಅಂತ ಯಾವತ್ತೂ ಹೇಳುವ ಹಾಗಿಲ್ಲ. ಕೆರೆ ಒಟ್ಟಾರೆ ಹಿಗ್ಗಿದೆಯಾ ಕುಗ್ಗಿದೆಯಾ ಅಂತ ಹೇಳಬಹುದು, ಅಷ್ಟೇ. ಗುಂಟೆ ಲೆಕ್ಕ ಬೇಕಾದರೆ ಭೂಮಾಪಕರು ಬಂದು ಟಿಪ್ಪಣಿ (ಸರ್ವೆಯ ಹಳೆಯ ಅಳತೆ ದಾಖಲೆ), ಗ್ರಾಮ ನಕ್ಷೆ ಇಟ್ಟುಕೊಂಡು ಹದ್ದುಬಸ್ತು, ಅಂದರೆ ನೆಲದ ಮೇಲೆ ಗಡಿ ಗುರುತು, ಮಾಡಬೇಕು. ವರದಿಯಿಂದ ಸರ್ವೆ ನಂಬರುಗಳ ಪಟ್ಟಿಯನ್ನೇ ತೆಗೆಯಿರಿ ಅಂತ ಸಂಸ್ಥೆಗೆ ಬರೆದೆ. ನಮ್ಮ ಕಂಪನಿಯಲ್ಲಿ ಇದಕ್ಕೆ ವಿರೋಧ ಇತ್ತು. ಪಟ್ಟಿ ಕೊಡುವುದೇ ಒಪ್ಪಂದದ ಮುಖ್ಯ ಭಾಗ ಆಗಿತ್ತು. ನಾಲ್ಕು ಮೀಟಿಂಗ್ ಆಯ್ತು. ಕೊನೆಗೆ ಪಟ್ಟಿಯ ಬದಲು, ಹದ್ದುಬಸ್ತು ಮಾಡಿಸಲು ಯಾವ ಕೆರೆಯ ಯಾವ ಬದಿ ಮೊದಲು ನೋಡಬೇಕು ಅಂತ ಮಾತ್ರ ಕೊಟ್ಟೆವು. ಇಡೀ ಕೆಲಸದಲ್ಲಿ ನಾನು ಬರೆದ ಅತಿ ಒಳ್ಳೆಯ ಪುಟ ಅದು ಅಂತಲೇ ಈಗಲೂ ನಂಬಿದ್ದೇನೆ.

ಹುಡುಕುತ್ತಾ ಹೋದಾಗ ಬೇರೆ ತಪ್ಪುಗಳೂ ಸಿಕ್ಕವು. 78 ಡಿಗ್ರಿ ಪೂರ್ವ ರೇಖಾಂಶ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತೆ. ನಕ್ಷೆಗಾಗಿ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚುವ ಯುಟಿಎಂ ಅನ್ನೋ ಪದ್ಧತಿಯಲ್ಲಿ ಆ ಗೆರೆಯ ಪಶ್ಚಿಮಕ್ಕೆ ವಲಯ 43, ಪೂರ್ವಕ್ಕೆ 44. ಸೆಂಟಿನೆಲ್ ಚಿತ್ರಗಳು ಎರಡು ವಲಯಕ್ಕೂ ಬೇರೆ ಬೇರೆ ತುಂಡಾಗಿ ಬರುತ್ತವೆ, ಅಂಚಿನಲ್ಲಿ ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಗಡಿಯ ಮೇಲಿದ್ದ ಕೆಲವು ಕೆರೆಗಳ ನೀರನ್ನು ನನ್ನ ಕೋಡು ಎರಡು ಸಲ ಎಣಿಸಿತ್ತು. ಇನ್ನೊಂದು, ಸಂಸ್ಕರಿಸಿದ ನೀರು ಬಂದ ಕೆರೆಗಳಲ್ಲಿ ಜೊಂಡು ಮತ್ತು ಕಳೆ ಬೇಗ ಹಬ್ಬುತ್ತೆ. ಮೇಲಿಂದ ನೋಡಿದರೆ ಹಸಿರು, ಕೆಳಗೆ ಮೊಣಕಾಲುದ್ದ ನೀರು. ಸೂಚ್ಯಂಕ ಅದನ್ನು ಬೆಳೆ ಅನ್ನುತ್ತೆ. ಇದಕ್ಕೆ ಸೂತ್ರದಲ್ಲಿ ಪರಿಹಾರ ಇಲ್ಲ. ಊರಿನವರನ್ನು ಕೇಳಿ ಅಂಥ ಕೆರೆಗಳನ್ನು ಬೇರೆ ಗುರುತಿಸಿದೆವು. ಮಳೆಗಾಲದ ಮೋಡಕ್ಕೆ ರಾಡಾರ್ ಚಿತ್ರ ಬಳಸಿದೆವು, ಅದರ ಕಥೆ ಬೇರೆ.

ಇದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಯಾವ ಕೆಲಸ ಬಂದರೂ ಕೋಡು ಬರೆಯುವ ಮೊದಲು ನೆಲದ ಮೇಲೆ ಕನಿಷ್ಠ ನಾಲ್ಕು ಗುರುತು ಹಿಡಿಯುತ್ತೇನೆ. ಕೆರೆಯಾದರೆ ತೂಬು, ಕೋಡಿ, ಏರಿಯ ಎರಡು ತುದಿ. ನೂರು ವರ್ಷಕ್ಕೂ ಅಲುಗದ ವಸ್ತುಗಳವು. ಪ್ರತಿ ಕಡತದ ಜೊತೆ ಒಂದು ಸಣ್ಣ ಟಿಪ್ಪಣಿ ಇಡುತ್ತೇನೆ: ಎಲ್ಲಿಂದ ಬಂತು, ಯಾವ ಗೋಳ, ಸರಿಪಡಿಸಲು ಯಾವ ಅಂಕಿ, ತಪ್ಪು ಎಷ್ಟು ಮೀಟರ್ ಇರಬಹುದು. ಸಾಧನಗಳೂ ಸುಧಾರಿಸಿವೆ. 2019ರ ಮಾರ್ಚಿನಲ್ಲಿ ಪ್ರೋಜ್ 6, ಮೇ ತಿಂಗಳಲ್ಲಿ ಜಿಡಾಲ್ 3 ಬಂದವು. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ದಾರಿ ಇವೆ, ಒಂದೊಂದರಲ್ಲಿ ಎಷ್ಟು ಮೀಟರ್ ತಪ್ಪು ಅಂತ ಅವು ಪಟ್ಟಿ ಕೊಡುತ್ತವೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನ ಹೊಸ ಆವೃತ್ತಿ ಅದನ್ನು ಮುಂದಿಟ್ಟು ಆರಿಸಲು ಬಿಡುತ್ತೆ. ಆ ಕಿಟಕಿ ತೆರೆದಾಗ ಸುಮ್ನೆ ಓಕೆ ಒತ್ತಬೇಡಿ. ನಮ್ಮ ಕಲ್ಯಾಣಪುರ ಪದ್ಧತಿಯಲ್ಲೇ 1880, 1937, 1962, 1975 ಅಂತ ನಾಲ್ಕು ಬಗೆ ಸಿಗುತ್ತವೆ, ನಿಮ್ಮ ಶೀಟು ಯಾವುದಕ್ಕೆ ಸೇರಿದ್ದು ಅಂತ ನೋಡಿ ಆರಿಸಬೇಕು.

ಕೆಲಸ ಹುಡುಕುವವರು ನನ್ನನ್ನು ಕೇಳುವುದು ಬೇರೆ. ಯಾವ ಭಾಷೆ ಕಲಿಯಬೇಕು, ಪೈಥಾನ್ ಸಾಕಾ, ಡೀಪ್ ಲರ್ನಿಂಗ್ ಬೇಕಾ ಅಂತ. ಪೈಥಾನ್ ಬೇಕು, ಡೀಪ್ ಲರ್ನಿಂಗ್ ಬಂದರೆ ಒಳ್ಳೆಯದು. ಅವಕಾಶವೂ ಹೆಚ್ಚಾಗಿದೆ. 2020ರ ಸ್ವಾಮಿತ್ವ ಯೋಜನೆಯಿಂದ ಹಳ್ಳಿ ಹಳ್ಳಿಯ ಮೇಲೆ ಡ್ರೋನ್ ಹಾರಿದೆ, 2021ರಲ್ಲಿ ನಕ್ಷೆ ಮಾಡುವುದರ ಮೇಲಿದ್ದ ಎಷ್ಟೋ ಅನುಮತಿಗಳ ತೊಡಕು ಹೋಯಿತು. ಆದರೆ ಸಂದರ್ಶನದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಕೋಡಿನದ್ದಲ್ಲ. ಒಂದು ಕೆರೆಯ ಚಿತ್ರ ಕೊಟ್ಟು, ಏರಿ ಯಾವ ಕಡೆ ಇದೆ ಹೇಳಿ ಅನ್ನುತ್ತೇನೆ. ಹಳ್ಳಿಯಿಂದ ಬಂದ ಮಕ್ಕಳು ಥಟ್ಟನೆ ತೋರಿಸುತ್ತಾರೆ. ಅಲ್ಲಿ ನೇರ ಅಂಚು, ಗಾಢ ನೀರು, ಆಚೆ ಹಸಿರು ಅಂತ. ಅವರಲ್ಲಿ ಎಷ್ಟೋ ಜನ ಇಂಗ್ಲಿಷಿಗೆ ಹೆದರಿ ಮಾತೇ ಆಡದೆ ಕೂತಿರುತ್ತಾರೆ. ತಮ್ಮ ಹತ್ತಿರ ಇರುವ ಈ ತಿಳಿವಳಿಕೆ ಈ ವೃತ್ತಿಯಲ್ಲಿ ಎಷ್ಟು ಬೆಲೆಯದ್ದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಸಂಕಟ ಆಗುವುದು ಅದಕ್ಕೆ.

ಫೆಬ್ರವರಿಯಲ್ಲಿ ಮತ್ತೆ ಆ ಊರಿಗೆ ಹೋದೆ. ತಪ್ಪು ನನ್ನದು ಅಂತ ಅದೇ ಜಗುಲಿ ಮೇಲೆ ನಿಂತು ಹೇಳಬೇಕಿತ್ತು, ಹೇಳಿದೆ. ಹೊಸ ನಕ್ಷೆ ತಂದಿದ್ದೆ. ಈ ಸಲ ಬಣ್ಣ ಬಳಿದಿರಲಿಲ್ಲ. ಉಪಗ್ರಹ ಚಿತ್ರವನ್ನೇ ದೊಡ್ಡದು ಮಾಡಿ, ಪಿಕ್ಸೆಲ್ ಪಿಕ್ಸೆಲ್ ಕಾಣುವ ಹಾಗೆ ಪ್ರಿಂಟ್ ಹಾಕಿಸಿದ್ದೆ. ಒಂದೊಂದು ಚೌಕ ಎಷ್ಟು ಅಂತ ತಾತ ಕೇಳಿದರು. ಹತ್ತು ಮೀಟರ್ ಅಂದೆ. ಅಡಿಯಲ್ಲಿ ಹೇಳಿ ಅಂದರು. 33 ಅಡಿ ಅಂತ ಬಾಯಿಗೆ ಬಂದ ಕೂಡಲೇ ನನಗೇ ಹೊಳೆಯಿತು. ಸರ್ವೆಯವರ ಸರಪಳಿ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. 786 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹದ ಒಂದು ಪಿಕ್ಸೆಲ್, ತೀರಾ ಸಣ್ಣ ವ್ಯತ್ಯಾಸದಲ್ಲಿ, ನಮ್ಮ ಒಂದು ಗುಂಟೆ. ನಲವತ್ತು ಚೌಕಕ್ಕೆ ಒಂದು ಎಕರೆ. ವರ್ಷಗಟ್ಟಲೆ ಆ ಚಿತ್ರಗಳ ಜೊತೆ ಇದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಒಂದು ಚೌಕ ಒಂದು ಗುಂಟೆ ಅಂತ ಹೇಳಿದೆ. ಎಲ್ಲರೂ ಹಾಳೆ ಸುತ್ತ ಬಗ್ಗಿದರು. ಪಹಣಿ ಹಿಡಿದು ಬಂದಿದ್ದ ಆ ಅಮ್ಮ ಕೂತು, ಮೊದಲು ತೂಬು ಎಲ್ಲಿ ಅಂತ ತಾತನನ್ನು ಕೇಳಿ ಅದರ ಮೇಲೆ ಒಂದು ಜೋಳದ ಕಾಳು ಇಟ್ಟರು. ಅಲ್ಲಿಂದ ಕಾಲುವೆ ಹಿಡಿದು ಬೆರಳು ಜಾರಿಸುತ್ತಾ ಹೋಗಿ, ಒಂದು ಕಡೆ ನಿಂತು, ಹಸಿರು ಚೌಕಗಳನ್ನು ಒಂದೊಂದಾಗಿ ಎಣಿಸಿದರು. ಅವರದ್ದು ಅರ್ಧ ಎಕರೆ. ಎಣಿಸಿ ಮುಗಿಸಿ, ತಲೆ ಎತ್ತಿ ಹೇಳಿದರು: "ಇಪ್ಪತ್ತೊಂದು ಬಂತು. ಬದೂ ಸೇರಿರಬೇಕು."